ಕಡತದೊಳಗೆ ಉಳಿದ ಕಾಗದ

ಈ ತಿಂಗಳ ಮಾತಿಗೆ ವಾಚಕರನ್ನು ನಾವು ಬಹುದೂರ ಕರೆದೊಯ್ಯಬೇಕಾಗಿದೆ. ಆಸ್ಟ್ರೇಲಿಯ ಖಂಡದ ದಕ್ಷಿಣ ಭಾಗದಲ್ಲಿ, ಅಡಿಲೇಡ್ ಪಟ್ಟಣಕ್ಕೆ ಆಗ್ನೇಯ ದಿಕ್ಕಿನಲ್ಲಿ, ಕೂರಾಂಗ್ ಎಂಬ ಹಿನ್ನೀರಿನ ಪ್ರದೇಶವೊಂದುಂಟು. ಅದರ ಸಮೀಪದ ಮೆನಿಂಗಿ ಎಂಬ ಊರಿನ ಹೊರಗೆ ಬಿಡಾರ ಹೂಡಿಕೊಂಡಿದ್ದ ಮೂಲನಿವಾಸಿಗಳ ಕುಟುಂಬವೊಂದರಲ್ಲಿ, 1957ನೆಯ ಇಸವಿಯ ಕ್ರಿಸ್‌ಮಸ್ ಹಬ್ಬದ ದಿನ, ಹದಿಮೂರು ತಿಂಗಳ ಗಂಡುಕೂಸಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ನೆರೆಯವರು ತಮ್ಮ ಮೋಟಾರಿನಲ್ಲಿ ಕೂಸನ್ನು ಕೊಂಡೊಯ್ದು ಅಡಿಲೇಡಿನ ಮಕ್ಕಳ ಆಸ್ಪತ್ರೆಯಲ್ಲಿ ಸೇರಿಸಿದರು. ಕೂಸು ಬೇಗನೆ ಚೇತರಿಸಿಕೊಂಡಿತು. ಇಂಥ ಸಮಯದಲ್ಲಿ ಮುಂದೆ ಆಗತಕ್ಕದ್ದೇನೆಂಬುದು ಮಕ್ಕಳನ್ನು ಸಾಕಿದ ಯಾರಿಗೂ ಗೊತ್ತು: ತಾಯಿ ಬಂದು ಕೂಸನ್ನು ಸೊಂಟಕ್ಕೇರಿಸಿಕೊಂಡು ಮನೆಗೆ ಹೋಗುವುದು. ಅದು ಆಗಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಕೂಸನ್ನು ಬಿಳಿಯರ ಕುಟುಂಬವೊಂದಕ್ಕೆ ಸಾಕಿಕೊಳ್ಳಲು ಕೊಟ್ಟಾಗಿತ್ತು. ತಾಯಿಯನ್ನು ಯಾರೂ ಕೇಳಲಿಲ್ಲ, ತಿಳಿಸಲೂ ಇಲ್ಲ.

ತಿಂಗಳುಗಳು ಕಳೆದವು. 1958ರಲ್ಲಿ ಆ ತಾಯಿ ಮೂಲನಿವಾಸಿಗಳ ಯೋಗಕ್ಷೇಮಕ್ಕಾಗಿ ಏರ್ಪಟ್ಟಿದ್ದ ಸರ್ಕಾರಿ ಮಂಡಲಿಗೆ ತಾನೇ ಕಾಗದ ಬರೆದಳು. ಕೂಸು ಹೇಗಿದೆ, ಎಂದು ಮನೆಗೆ ಬಂದೀತು, ಆಸ್ಪತ್ರೆಯಲ್ಲಿ ತನ್ನ ಮಗುವೊಂದಿರುವುದನ್ನು ತಾನು ಮರೆತಿಲ್ಲ, ಎಂಬಿಷ್ಟೇ ಅದರ ಒಕ್ಕಣೆ. ಮಂಡಲಿಯಿಂದ ಉತ್ತರವೂ ಬಂದಿತು: ಮಗು ಚೆನ್ನಾಗಿ ಚೇತರಿಸಿಕೊಳ್ಳುತ್ತಿದೆ, ಆದರೆ ಚಿಕಿತ್ಸೆಗಾಗಿ ಇನ್ನೂ ಕೆಲವು ಕಾಲ ವೈದ್ಯರ ಬಳಿಯಲ್ಲಿರಬೇಕು, ಎಂದು. ಈ ಉತ್ತರ ಬರೆದ ದಿನ ಮಗು ಆಸ್ಪತ್ರೆಯಲ್ಲಿ ಇರಲೇ ಇಲ್ಲ. ಕಚೇರಿಯ ಮೇಜಿನ ಮೇಲೆ ಕುಳಿತು ಹೀಗೆ ಬರೆದ ಕೈ ಯಾವುದೋ. ಮನೆಯಲ್ಲಿ ಆ ಕೈಗೂ ಮಕ್ಕಳಿದ್ದಿರಬಹುದು.

ತಾಯಿಯ ಕಾಗದ ಹಾಳಾಗಲಿಲ್ಲ. ಅದನ್ನು ಕಡತಕ್ಕೆ ಸೇರಿಸಿ ಜೋಪಾನವಾಗಿಟ್ಟರು. ಆ ಕೂಸು, ಎಂದರೆ ಬ್ರೂಸ್ ಟ್ರೆವೊರೊ, ನಡುವಯಸ್ಸು ದಾಟಿ ನ್ಯಾಯಾಲಯದ ಮೆಟ್ಟಲೇರಿದಾಗ ಅದು ಸಾಕ್ಷಿಯಾಗಿ ಎದ್ದು ನಿಂತಿತು. 2007ನೆಯ ಇಸವಿ ಆಗಸ್ಟ್ 1ರಂದು ದಕ್ಷಿಣ ಆಸ್ಟ್ರೇಲಿಯದ ಶ್ರೇಷ್ಠ ನ್ಯಾಯಾಲಯವು ಮಗುವನ್ನು ಕೊಂಡೊಯ್ದುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತು, 5,25,000 ಡಾಲರು ಪರಿಹಾರವನ್ನು ವಿಧಿಸಿತು. ಹಾಗೆ ಮಾಡಲು ತನಗೆ ಅಧಿಕಾರವಿಲ್ಲವೆಂಬ ಕಾನೂನು ಸಲಹೆ ಮಂಡಲಿಗೆ ಮೊದಲೇ ದೊರೆತಿತ್ತೆಂಬುದೂ ವಿಚಾರಣೆಯಲ್ಲಿ ಹೊರಬಿದ್ದಿತು. ತಾಯಿಯ ಬಳಿಯಲ್ಲೇ ಬೆಳೆದ ಒಡಹುಟ್ಟಿದವರ ಬಾಳು ಬಡತನದಲ್ಲಿಯೂ ನೆಟ್ಟಗೆ ಸಾಗಿದ್ದಿತು. ‘ಒಳ್ಳೆಯದಕ್ಕಾಗಿ’ ಕೊಂಡೊಯ್ಯಲ್ಪಟ್ಟ ಈತನ ಬಾಳು ಮನೋವ್ಯಥೆಯಲ್ಲಿಯೂ ಮದ್ಯದಲ್ಲಿಯೂ ಕರಗಿದ್ದಿತು. ತೀರ್ಪು ಬಂದು ವರ್ಷ ತುಂಬುವ ಮೊದಲೇ, 2008ರ ಜೂನ್ ತಿಂಗಳಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಇದು ಒಬ್ಬರಿಗೆ ಒದಗಿದ ದುರ್ದೈವವಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಆಸ್ಟ್ರೇಲಿಯದಲ್ಲಿ ಇದು ರಾಜ್ಯನೀತಿಯಾಗಿದ್ದಿತು. ಆಂಗ್ಲರು 1788ರಲ್ಲಿ ಅಲ್ಲಿ ನೆಲೆಯೂರಿದ ನೂರು ವರ್ಷಗಳ ಮೇಲೆ, ಮೂಲನಿವಾಸಿಗಳು ತಾವಾಗಿಯೇ ಅಳಿದುಹೋಗುವರೆಂದೂ, ಬಿಳಿಯರ ರಕ್ತ ಬೆರೆತ ಮಕ್ಕಳನ್ನು ಬೇರ್ಪಡಿಸಿ ಬೆಳೆಸಿದರೆ ಅವರು ಬಿಳಿಯರಲ್ಲಿ ಲೀನವಾಗುವರೆಂದೂ ಅಧಿಕಾರಿಗಳಲ್ಲಿ ಭಾವನೆ ಬೆಳೆಯಿತು. ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ 1909ರಲ್ಲಿ ಕಾಯಿದೆ ಬಂದಿತು. 1915ರ ತಿದ್ದುಪಾಟಿನಿಂದ, ಮಗುವಿನ ಪೋಷಣೆಯಲ್ಲಿ ಲೋಪವಿದೆಯೆಂದು ನ್ಯಾಯಾಧಿಪತಿಯ ಮುಂದೆ ಸ್ಥಾಪಿಸುವ ಗೊಡವೆಯೂ ತಪ್ಪಿತು. 1937ರಲ್ಲಿ ಕ್ಯಾನ್‌ಬೆರದಲ್ಲಿ ಸೇರಿದ ಅಧಿಕಾರಿಗಳ ಸಭೆ ಈ ಲೀನಗೊಳಿಸುವ ಉದ್ದೇಶವನ್ನೇ ಠರಾವು ಮಾಡಿತು. ಕೂಟಮಂಡ್ರ ಎಂಬಲ್ಲಿ ಹೆಣ್ಣುಮಕ್ಕಳಿಗೆ ಗೃಹವೊಂದಿತ್ತು. ಅಲ್ಲಿ ಗುಡಿಸುವುದು, ಒಗೆಯುವುದು, ಬಡಿಸುವುದನ್ನು ಕಲಿಸಿ ಹದಿನಾಲ್ಕರ ಆಸುಪಾಸಿಗೆ ಬಿಳಿಯರ ಮನೆಗೆಲಸಕ್ಕೆ ಕಳುಹಿಸುತ್ತಿದ್ದರು. ಇದಕ್ಕೆ ಶಿಕ್ಷಣವೆಂದು ಹೆಸರು! ಪೋಲೀಸರ ಸುಳಿವು ಸಿಕ್ಕಿದೊಡನೆ ತಾಯಂದಿರು ಮಕ್ಕಳನ್ನು ಕುರುಚಲು ಕಾಡಿಗೆ ಓಡಿಸುತ್ತಿದ್ದರು. ಬಣ್ಣ ತೆಳುವಾದ ಮಕ್ಕಳ ಮೈಗೆ ಇದ್ದಿಲು ಬಳಿಯುತ್ತಿದ್ದರು. ಮಗು ಕಪ್ಪಾಗಿ ಕಾಣಲೆಂದು ಹೆತ್ತವಳು ಮಸಿ ಬಳಿಯಬೇಕಾಗಿ ಬಂದ ಕಾಲವದು.

ಇಂಥ ಮಕ್ಕಳ ಸಂಖ್ಯೆಯನ್ನು ಲೆಕ್ಕ ಹಾಕುವುದು ಕಷ್ಟ. ಸರ್ ರೊನಾಲ್ಡ್ ವಿಲ್ಸನ್ ಮತ್ತು ಮಿಕ್ ಡಾಡ್ಸನ್ ಎಂಬವರ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ವಿಚಾರಣೆಯ ವರದಿಯು 1997ರ ಮೇ 26ರಂದು ಪಾರ್ಲಿಮೆಂಟಿನ ಮುಂದೆ ಬಂದಿತು. 1910ರಿಂದ 1970ರವರೆಗೆ ಮೂಲನಿವಾಸಿಗಳ ಹಾಗೂ ಟಾರೆಸ್ ಜಲಸಂಧಿಯ ದ್ವೀಪವಾಸಿಗಳ ಮಕ್ಕಳಲ್ಲಿ ಕಡಮೆಯೆಂದರೆ ಹತ್ತರಲ್ಲೊಂದು, ಹೆಚ್ಚೆಂದರೆ ಮೂರರಲ್ಲೊಂದು ಮಗು ಹೀಗೆ ಕೈತಪ್ಪಿಹೋಯಿತೆಂದು ಅದರ ಅಂದಾಜು. ಐನೂರ ಮೂವತ್ತೈದು ಮಂದಿ ತಮ್ಮ ಕಥೆಯನ್ನು ಆ ವಿಚಾರಣೆಗೆ ಹೇಳಿಕೊಂಡರು.

ಇಲ್ಲಿ ನಮ್ಮ ಗೃಹಿಣಿಯರಿಗೆ ಕ್ಷಣದಲ್ಲಿ ತಿಳಿಯುವ ಸಂಗತಿಯೊಂದುಂಟು. ಆ ಅಧಿಕಾರಿಗಳಿಗೆ ಅರುವತ್ತು ವರ್ಷಗಳಲ್ಲಿಯೂ ಅದು ತಿಳಿಯಲಿಲ್ಲ. ಇಂಗ್ಲಿಷಿನಲ್ಲಿ ತಾಯಿಯ ಅಕ್ಕ, ತಾಯಿಯ ತಂಗಿ, ತಂದೆಯ ಸೋದರಿ, ಮಾವನ ಹೆಂಡತಿ, ಎಲ್ಲರಿಗೂ ಒಂದೇ ಹೆಸರು. ನಮ್ಮಲ್ಲಿ ಹಾಗಲ್ಲವಷ್ಟೆ. ದೊಡ್ಡಮ್ಮ, ಚಿಕ್ಕಮ್ಮ ಎಂದರೆ ಅಮ್ಮಂದಿರೇ. ಸೋದರತ್ತೆಯ ಸಾಲು ಬೇರೆ. ದೊಡ್ಡಮ್ಮನ ಮಗ ಅಣ್ಣ. ಸೋದರಮಾವನ ಮಗ ಭಾವನೋ ಭಾವಮೈದುನನೋ. ಆಸ್ಟ್ರೇಲಿಯದ ಅನೇಕ ಬುಡಕಟ್ಟುಗಳಲ್ಲಿಯೂ ಬಂಧುತ್ವದ ಲೆಕ್ಕ ಈ ಬಗೆಯದೇ. ಪಶ್ಚಿಮ ಆಸ್ಟ್ರೇಲಿಯದ ಕರಿಯೆರ ಜನರ ಪದ್ಧತಿಗೂ ನಮ್ಮ ದ್ರಾವಿಡ ನುಡಿಗಳ ಬಂಧುವಾಚಕಗಳಿಗೂ ಇರುವ ಹೋಲಿಕೆಯನ್ನು ಮಾನವಶಾಸ್ತ್ರಜ್ಞರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಇದರಿಂದ ನಾವೂ ಅವರೂ ಒಂದೇ ವಂಶದವರೆಂದು ಹೊರಡುವುದು ಬೇಡ. ಆದರೆ ಒಂದು ಕೂಸಿಗೆ ಹಲವರು ತಾಯಂದಿರಿರುವ ಮನೆ ಎಂತಹುದೆಂಬುದನ್ನು ನಮಗೆ ಬಿಡಿಸಿ ಹೇಳಬೇಕಾದುದಿಲ್ಲ. ಹೆತ್ತವಳು ಕೂಲಿಗೆ ಹೋದಾಗ ಮಗು ಚಿಕ್ಕಮ್ಮನ ಮಡಿಲಿನಲ್ಲಿದ್ದರೆ, ಬಂದು ನೋಡಿದ ಅಧಿಕಾರಿಯ ಕಣ್ಣಿಗೆ ಅದು ದಿಕ್ಕಿಲ್ಲದ ಮಗು. ಅವನು ಹೊತ್ತುಕೊಂಡು ಹೋದುದು ಒಬ್ಬ ತಾಯಿಯಿಂದಲ್ಲ, ನಾಲ್ವರು ತಾಯಂದಿರಿಂದ, ಅಜ್ಜಿಯರಿಂದ, ಅಣ್ಣಂದಿರ ಸಾಲಿನಿಂದ. ಆ ಸಾಲಿನಲ್ಲಿ ಯಾರು ಯಾರಿಗೆ ಏನಾಗಬೇಕೆಂಬ ತಿಳಿವಳಿಕೆಯಿಂದ.

ಆದುದರಿಂದಲೇ ವಾಸಿಯಾಗುವ ಕೆಲಸ ಅಷ್ಟು ತೊಡಕಿನದಾಯಿತು. ರೋಗ ಗುಣವಾಗುವುದಕ್ಕೆ ನಾವು ‘ವಾಸಿ’ ಎನ್ನುತ್ತೇವೆ. ಒಂದೆಡೆ ಇರತಕ್ಕವನಿಗೂ ‘ವಾಸಿ’ ಎನ್ನುತ್ತೇವೆ. ಎರಡು ಶಬ್ದಗಳಿಗೂ ಸಂಬಂಧವಿಲ್ಲವೆಂದು ಪಂಡಿತರು ನಮ್ಮನ್ನು ತಿದ್ದಿಯಾರು, ತಿದ್ದಲಿ. ಈ ಜನರ ವಿಷಯದಲ್ಲಂತೂ ಎರಡೂ ಒಂದೇ ಆಗಿದ್ದುವು.

1980ರಲ್ಲಿ ಪೀಟರ್ ರೀಡ್ ಎಂಬ ಚರಿತ್ರಕಾರರೂ, ಬಾಲ್ಯದಲ್ಲಿ ಕೂಟಮಂಡ್ರದ ಗೃಹದಲ್ಲಿದ್ದ ಕೊರಲ್ ಎಡ್ವರ್ಡ್ಸ್ ಎಂಬ ಮಹಿಳೆಯೂ ಸೇರಿ ನ್ಯೂ ಸೌತ್ ವೇಲ್ಸಿನಲ್ಲಿ ‘ಲಿಂಕ್-ಅಪ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಗಲಿದವರನ್ನು ಕೂಡಿಸುವುದೇ ಅದರ ಉದ್ಯೋಗ. ಅದರ ಮರುವರ್ಷ ರೀಡರು ಬರೆದ ಚಿಕ್ಕ ಪ್ರಬಂಧದಿಂದಲೇ ‘ಕದ್ದೊಯ್ಯಲ್ಪಟ್ಟ ತಲೆಮಾರುಗಳು’ ಎಂಬ ಹೆಸರು ಬಳಕೆಗೆ ಬಂದಿತು. ಇವರು ಹುಡುಕಲು ಹೊರಟಾಗ ದಾರಿ ತೋರಿದುದು ಯಾವುದು? ಅಪಹರಿಸಿದವರೇ ಬರೆದಿಟ್ಟ ಕಡತಗಳು! ಮಗುವಿನ ಹೆಸರನ್ನು ಬದಲಿಸಿದ್ದರು, ಹುಟ್ಟಿದ ದಿನವನ್ನು ಊಹಿಸಿ ಬರೆದಿದ್ದರು, ತಾಯಿ ಸತ್ತಳೆಂದು ಸುಳ್ಳು ಹೇಳಿದ್ದರು. ಆದರೆ ಕಚೇರಿಯ ಗುಮಾಸ್ತನು ತಾರೀಖು, ಊರು, ಮೈಬಣ್ಣ, ಕೊಂಡೊಯ್ದ ಕಾರಣ ಎಲ್ಲವನ್ನೂ ದಾಖಲು ಮಾಡುವುದನ್ನು ಬಿಟ್ಟಿರಲಿಲ್ಲ. ಮಗು ಮೂಲನಿವಾಸಿಯದೆಂಬುದನ್ನೇ ಕಾರಣವೆಂದು ಬರೆದ ದಾಖಲೆಗಳನ್ನೂ ರೀಡರು ಕಂಡರು.

ಆ ಕಡತಗಳೊಳಗೆ ಕಾಗದಗಳಿದ್ದುವು. ಮಗಳನ್ನು ಹಬ್ಬಕ್ಕೆ ಕಳುಹಿಸಿಕೊಡಿರೆಂದು ಬೇಡಿದ ತಾಯಂದಿರ ಕಾಗದಗಳು, ಮಗುವಿಗೆಂದು ಬರೆದು ಮಗುವಿನ ಕೈಸೇರದ ಕಾಗದಗಳು. ನಿನ್ನ ತಾಯಿ ನಿನ್ನನ್ನು ಬಿಟ್ಟುಕೊಟ್ಟಳು, ಅವಳಿಗೆ ನೀನು ಬೇಡವಾಗಿದ್ದೆ, ಎಂದು ಕೇಳುತ್ತ ಬೆಳೆದವರು ನಲವತ್ತು, ಐವತ್ತು ವರ್ಷದವರಾಗಿ, ಪತ್ರಾಗಾರದ ಮೇಜಿನ ಮುಂದೆ ಕುಳಿತು, ತಾಯಿಯ ಕೈಬರಹವನ್ನು ಮೊದಲ ಬಾರಿ ಕಂಡರು. ಪರಿಹಾರದ ಹಣವಾಗಲಿ ಪಾರ್ಲಿಮೆಂಟಿನ ಮಾತಾಗಲಿ ಕೊಡಲಾರದ ಔಷಧ ಈ ಹಳೆಯ ಕಾಗದದಲ್ಲಿದ್ದಿತೆಂದು ನಮ್ಮ ಎಣಿಕೆ. ಬೇಡವಾದ ಮಗು ಎಂಬ ಮಾತು ಸುಳ್ಳೆಂದು ತಿಳಿದ ಮೇಲೆ ಮನುಷ್ಯನು ಬೇರೊಬ್ಬನಾಗುತ್ತಾನೆ. ಆದರೆ ಕಹಿಯೂ ಅದರಲ್ಲೇ ಇದ್ದಿತು. ಎಷ್ಟೋ ಮಂದಿ ಕಾಗದವನ್ನು ಓದುವ ವೇಳೆಗೆ ಬರೆದವಳು ಇರಲಿಲ್ಲ. ಕಡತಗಳನ್ನು ನಾಶಮಾಡಕೂಡದು, ಸಂಬಂಧಪಟ್ಟವರಿಗೆ ತೆರೆದುಕೊಡಬೇಕು ಎಂದು 1997ರ ವರದಿಯೂ ಒತ್ತಿ ಹೇಳಿತು; ರಾಷ್ಟ್ರೀಯ ಪತ್ರಾಗಾರದವರು ಹೆಸರುಗಳ ಸೂಚಿಯನ್ನು ಸಿದ್ಧಪಡಿಸಿದರು.

ತಾಯಿ ಸಿಕ್ಕಿದಳೆಂದರೆ ಕಥೆ ಸುಖಾಂತವಾಯಿತೆಂದು ನಾಟಕದಲ್ಲಿ ತೆರೆ ಬೀಳಿಸಬಹುದು. ಬಾಳಿನಲ್ಲಿ ತೆರೆ ಏಳುವುದೇ ಅಲ್ಲಿ. ಬ್ರೂಸ್ ಟ್ರೆವೊರೊ ಹತ್ತು ವರ್ಷದ ಹುಡುಗನಾಗಿದ್ದಾಗ ತಾಯಿಯ ಬಳಿಗೆ ಬಂದುದುಂಟು. ಆ ವೇಳೆಗೆ ತಂದೆ ತೀರಿಹೋಗಿದ್ದನು. ಸಾಕಿದವರ ಮನೆಯೇ ತನ್ನ ಮನೆಯೆಂದು ತಿಳಿದಿದ್ದ ಹುಡುಗನಿಗೆ ಹೆತ್ತವಳು ಅಪರಿಚಿತಳು, ಒಡಹುಟ್ಟಿದವರು ಹೊರಗಿನವರು. ಅಲ್ಲಿ ಅವನು ಬೇರು ಬಿಡಲಿಲ್ಲ.

ಪಶ್ಚಿಮ ಆಸ್ಟ್ರೇಲಿಯದ ಮಾಲಿ ಎಂಬಾಕೆಯ ಕಥೆಯನ್ನು ವಾಚಕರಲ್ಲಿ ಕೆಲವರು ಚಲಚ್ಚಿತ್ರದಲ್ಲಿ ನೋಡಿರಬಹುದು. 1931ರಲ್ಲಿ ಆ ಹುಡುಗಿ ಇನ್ನಿಬ್ಬರು ಬಾಲಕಿಯರೊಡನೆ ಮೂರ್ ರಿವರ್ ಎಂಬ ಸರ್ಕಾರಿ ವಸತಿಯಿಂದ ತಪ್ಪಿಸಿಕೊಂಡು, ಮೊಲಗಳನ್ನು ತಡೆಯಲು ಹಾಕಿದ್ದ ಉದ್ದನೆಯ ಬೇಲಿಯ ಗುರುತು ಹಿಡಿದು ಸುಮಾರು ಸಾವಿರದ ಆರುನೂರು ಕಿಲೋಮೀಟರು ನಡೆದು ಜಿಗಲಾಂಗಿಗೆ ತಲಪಿದಳು. ಅವರಲ್ಲೊಬ್ಬಳು ದಾರಿಯಲ್ಲೇ ಸಿಕ್ಕಿಬಿದ್ದಳು. ಅಷ್ಟನ್ನು ಎಲ್ಲರೂ ಬಲ್ಲರು. ಮುಂದಿನದನ್ನು ಕೇಳಿರಿ. 1940ರಲ್ಲಿ ಮಾಲಿಯನ್ನು ಇಬ್ಬರು ಪುಟ್ಟ ಹೆಣ್ಣುಮಕ್ಕಳೊಡನೆ ಮತ್ತೆ ಅದೇ ವಸತಿಗೆ ಸಾಗಿಸಿದರು. ಮರುವರ್ಷ ಆಕೆ ಮತ್ತೆ ಹೊರಟರು. ಈ ಸಲ ಕಂಕುಳಲ್ಲಿ ಒಂದು ಕೂಸು. ಇಬ್ಬರನ್ನು ಹೊತ್ತು ನಡೆಯಲಾಗದೆ ದೊಡ್ಡವಳಾದ ಡೋರಿಸಳನ್ನು ಅಲ್ಲಿಯೇ ಬಿಡಬೇಕಾಯಿತು. ಹೊತ್ತು ತಂದ ಕೂಸನ್ನೂ ಮೂರು ವರ್ಷಗಳ ಮೇಲೆ ಕಸಿದರು. ಡೋರಿಸ್ ತಾಯಿಯನ್ನು ಮತ್ತೆ ಕಂಡುದು 1962ರಲ್ಲಿ, ಇಪ್ಪತ್ತೊಂದು ವರ್ಷಗಳ ತರುವಾಯ. ತಮ್ಮವರ ನಡೆನುಡಿಯೆಲ್ಲ ಕೀಳೆಂದು ಕಲಿತು ಬೆಳೆದ ಮಗಳು, ತನ್ನನ್ನು ಬಿಟ್ಟುಹೋದಳೆಂದು ತಾಯಿಯ ಮೇಲೆ ಮುನಿದಿದ್ದ ಮಗಳು, ಆ ಮುನಿಸನ್ನು ಕಳೆದುಕೊಳ್ಳಲು ಮತ್ತೆ ಎಷ್ಟೋ ವರ್ಷಗಳು ಹಿಡಿದುವು. ಕಡೆಗೆ ತಾಯಿಯ ಬಾಯಿಂದ ಕೇಳಿದುದನ್ನೂ ಸರ್ಕಾರಿ ದಾಖಲೆಗಳಲ್ಲಿ ಕಂಡುದನ್ನೂ ಕೂಡಿಸಿ ಡೋರಿಸ್ ಪಿಲ್ಕಿಂಗ್‌ಟನ್ 1996ರಲ್ಲಿ ಆ ನಡಿಗೆಯ ಪುಸ್ತಕವನ್ನು ಬರೆದರು. ಕಿರಿಯ ಮಗಳನ್ನು ಮಾತ್ರ ಮತ್ತೆ ಕಾಣದೆಯೇ ಮಾಲಿ 2004ರಲ್ಲಿ ಕಣ್ಣುಮುಚ್ಚಿದರು.

ಇದನ್ನು ಬಲ್ಲುದರಿಂದಲೇ ಲಿಂಕ್-ಅಪ್ಪಿನವರು ಆತುರಪಡುವುದಿಲ್ಲ. ಮೊದಲು ಕಾಗದ, ಭಾವಚಿತ್ರ, ತರುವಾಯ ಭೇಟಿ. ಭೇಟಿಗೆ ಹೋಗುವವರೊಡನೆ ತಮ್ಮವರೊಬ್ಬರನ್ನು ಜೊತೆಗೂಡಿಸುತ್ತಾರೆ. ಹಿಂದಿರುಗಿದ ಮೇಲೆಯೂ ಕೈಬಿಡುವುದಿಲ್ಲ. ನಮ್ಮಲ್ಲಿ ಹೊಸ ಸೊಸೆಯನ್ನು ಮನೆತುಂಬಿಸಿಕೊಳ್ಳುವಾಗ ಹಿರಿಯರು ಒಬ್ಬೊಬ್ಬರನ್ನಾಗಿ ತೋರಿಸಿ, ಇವರು ನಿನಗೆ ಹೀಗಾಗಬೇಕು, ಅವರು ಹಾಗಾಗಬೇಕು ಎಂದು ಹೇಳಿಕೊಡುವುದಿಲ್ಲವೆ? ಐವತ್ತು ವರ್ಷದ ಮಗನಿಗೆ ಅವನ ಸ್ವಂತ ಬಳಗವನ್ನು ಹಾಗೆ ಪರಿಚಯ ಮಾಡಿಕೊಡಬೇಕು.

ಸರ್ಕಾರದ ಕಡೆಯ ಸಂಗತಿಯನ್ನು ಬೇಗನೆ ಹೇಳಿಬಿಡಬಹುದು. 2000ನೆಯ ಇಸವಿ ಮೇ 28ರಂದು ಸಿಡ್ನಿಯ ಬಂದರು ಸೇತುವೆಯ ಮೇಲೆ ಸುಮಾರು ಎರಡೂವರೆ ಲಕ್ಷ ಜನರು ಸಾಮರಸ್ಯ ಕೋರಿ ನಡೆದರು. 2008ರ ಫೆಬ್ರವರಿ 13ರಂದು ಪ್ರಧಾನಮಂತ್ರಿ ಕೆವಿನ್ ರಡ್ ಪಾರ್ಲಿಮೆಂಟಿನಲ್ಲಿ ರಾಷ್ಟ್ರದ ಪರವಾಗಿ ಕ್ಷಮೆ ಕೇಳಿದರು. ಹಣವೂ ಬಂದಿತು, ಒಂದೊಂದು ಪ್ರಾಂತದಲ್ಲಿ ಒಂದೊಂದು ಕಾಲಕ್ಕೆ: ಟಾಸ್ಮೇನಿಯದಲ್ಲಿ 2006ರಲ್ಲಿ, ನ್ಯೂ ಸೌತ್ ವೇಲ್ಸಿನಲ್ಲಿ 2017ರಿಂದ ತಲೆಗೆ 75,000 ಡಾಲರು, ವಿಕ್ಟೋರಿಯದಲ್ಲಿ 2022ರಿಂದ ಒಂದು ಲಕ್ಷ. ಅಷ್ಟರಲ್ಲಿ ಪಡೆಯತಕ್ಕವರಲ್ಲಿ ಅನೇಕರು ಇಲ್ಲವಾಗಿದ್ದರು. ಕ್ಷಮೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದನ್ನು ಕೇಳಿ ಕಣ್ಣೀರಿಟ್ಟವರೇ ಅದರ ತೂಕವನ್ನು ಬಲ್ಲರು. ಆದರೆ ಮನೆ ಸೇರಿಸುವ ಕೆಲಸವನ್ನು ಮನೆಯವರೇ ಮಾಡಬೇಕು. ಮ್ಯಾಕ್ಲೇ ನದಿಯ ಬಳಿಯ ಕಿಂಚೆಲ ಎಂಬ ಬಾಲಕರ ಗೃಹದಲ್ಲಿ, 1924ರಿಂದ 1970ರವರೆಗೆ, ಹುಡುಗರಿಗೆ ಹೆಸರಿನ ಬದಲು ಅಂಕಿಗಳನ್ನು ಕೊಟ್ಟಿದ್ದರು. ಶಿಕ್ಷೆಯೆಂದು ಅಲ್ಲಿದ್ದ ಅತ್ತಿಯ ಜಾತಿಯ ಮರಕ್ಕೆ ಸರಪಣಿಯಿಂದ ಕಟ್ಟುತ್ತಿದ್ದರು. ಅಲ್ಲಿಂದ ಬದುಕಿ ಬಂದವರು ಮುದುಕರಾದ ಮೇಲೆ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಒಬ್ಬರನ್ನೊಬ್ಬರು ಅಣ್ಣತಮ್ಮಂದಿರೆನ್ನುತ್ತಾರೆ, ಮಕ್ಕಳು ಮೊಮ್ಮಕ್ಕಳನ್ನು ಆ ಜಾಗಕ್ಕೇ ಕರೆದೊಯ್ದು, ಮನೆಯಲ್ಲಿ ಅದುವರೆಗೆ ಬಾಯಿಬಿಡದ ಮಾತನ್ನು ಅಲ್ಲಿ ಹೇಳುತ್ತಾರೆ. ತಂದೆಯ ಸಿಡುಕೂ ಮೌನವೂ ಎಲ್ಲಿಂದ ಬಂದುವೆಂಬುದು ಮಕ್ಕಳಿಗೆ ಆಗ ಅರ್ಥವಾಗುತ್ತದೆ.

ಪರದೇಶದ ಪಾಪವನ್ನು ಎಣಿಸುವುದು ಸುಲಭ. ನಮ್ಮಲ್ಲಿಯೂ ‘ಅಪರಾಧಿ ಬುಡಕಟ್ಟು’ಗಳ ಕಾಯಿದೆಯೊಂದಿತ್ತು. 1911ರ ಆ ಕಾಯಿದೆ ಅಂಥ ಬುಡಕಟ್ಟುಗಳ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಶಾಲೆಗಳಲ್ಲಿರಿಸುವ ಅಧಿಕಾರವನ್ನು ಪ್ರಾಂತ ಸರ್ಕಾರಗಳಿಗೆ ಕೊಟ್ಟಿದ್ದಿತು. ಅದು ರದ್ದಾದುದು 1952ರಲ್ಲಿ. ಹುಬ್ಬಳ್ಳಿಯಲ್ಲಿಯೂ ಗದಗಿನಲ್ಲಿಯೂ ಮುಳ್ಳುತಂತಿಯ ನೆನಪಿನ ‘ಸೆಟ್ಲಮೆಂಟು’ ಎಂಬ ಹೆಸರು ಜನರ ಬಾಯಲ್ಲಿ ಉಳಿದಿದೆ. ಅಲ್ಲಿಯ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಆಸ್ಟ್ರೇಲಿಯದಲ್ಲಿಯೂ ವಿಷಯ ಮುಗಿದಿಲ್ಲ. ಕಾಯಿದೆಗಳು ಬದಲಾಗಿವೆ, ಆದರೂ ಮನೆಯಿಂದ ತೆಗೆದು ಸರ್ಕಾರದ ಪಾಲನೆಯಲ್ಲಿರಿಸಿದ ಮಕ್ಕಳಲ್ಲಿ ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಪಾಲು ಮೂಲನಿವಾಸಿಗಳ ಮಕ್ಕಳೇ. ಆ ದೇಶದ ಮಕ್ಕಳಲ್ಲಿ ಇವರ ಪಾಲು ನೂರಕ್ಕೆ ಆರರಷ್ಟು ಮಾತ್ರ. 2014ರಲ್ಲಿ ಗನ್ನೆಡ ಎಂಬ ಊರಿನಲ್ಲಿ ಅಜ್ಜಿಯರೇ ಸಂಘ ಕಟ್ಟಿಕೊಂಡು ಬೀದಿಗೆ ಬಂದರು. ಮಗುವನ್ನು ತಾಯಿಯ ಬಳಿ ಇಡಲಾಗದಿದ್ದರೆ ನಮ್ಮ ಬಳಿ ಇಡಿರಿ, ನಾವಿಲ್ಲವೆ, ಎಂಬುದೇ ಅವರ ಕೋರಿಕೆ. ಮತ್ತೆ ಅದೇ ದೊಡ್ಡಮ್ಮ ಚಿಕ್ಕಮ್ಮಂದಿರ ಲೆಕ್ಕ!

ಪಾರ್ಲಿಮೆಂಟು ಕ್ಷಮೆ ಕೇಳಿದ ದಿನ ಲೊರೇನ್ ಪೀಟರ್ಸ್ ಎಂಬ ಹಿರಿಯಾಕೆ ಒಂದು ಕಾಣಿಕೆಯನ್ನು ತಂದಿದ್ದರು. ನಾಲ್ಕನೆಯ ವಯಸ್ಸಿನಲ್ಲಿ ಅವರನ್ನು ಮನೆಯವರಿಂದ ಅಗಲಿಸಿ ಕೂಟಮಂಡ್ರಕ್ಕೆ ಒಯ್ದಿದ್ದರು. ಹುದುಗಿದ್ದ ಆ ಸಂಕಟ ಐವತ್ತು ದಾಟಿದ ಮೇಲೆ ಮೇಲೆದ್ದು ಹಾಸಿಗೆ ಹಿಡಿಸುವಂತಾದಾಗ, ತಾವು ಚೇತರಿಸಿಕೊಂಡ ದಾರಿಯನ್ನೇ ಇತರರಿಗೂ ಕಲಿಸತೊಡಗಿದರು. ಅದಕ್ಕೆ ಅವರಿಟ್ಟ ಹೆಸರು ‘ಮರುಮಲಿ’. ಗಮಿಲರಾಯ್ ನುಡಿಯಲ್ಲಿ, ಬಿಡಿಯಾದುದನ್ನು ಮತ್ತೆ ಕೂಡಿಸುವುದು ಎಂದರ್ಥ. ಅವರು ತಂದ ಕಾಣಿಕೆ ಗಾಜಿನಿಂದ ಮಾಡಿದ ಒಂದು ಕೂಲಮನ್. ಕೂಲಮನ್ ಎಂದರೆ ಮರದ ಹರಿವಾಣದಂಥ ಪಾತ್ರೆ. ಅಲ್ಲಿಯ ಹೆಂಗಸರು ಕಾಳು ಕೇರುವುದು ಅದರಲ್ಲಿ, ನೀರು ತರುವುದು ಅದರಲ್ಲಿ, ಎಳೆಗೂಸನ್ನು ಮಲಗಿಸಿ ಹೊರುವುದೂ ಅದರಲ್ಲೇ. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸುವ ನಮ್ಮ ಮನೆಗಳಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಲಿಂಕ್-ಅಪ್ಪಿನವರು ಏರ್ಪಡಿಸುವ ಭೇಟಿಗಳಲ್ಲಿ ಕೆಲವು ಸಮಾಧಿಯ ಬಳಿ ನಡೆಯುತ್ತವೆ. ಬರುವುದು ತಡವಾಯಿತು, ತಾಯಿ ಹೋಗಿಬಿಟ್ಟಿದ್ದಾಳೆ. ಆದರೂ ಕರೆದುಕೊಂಡು ಹೋಗುತ್ತಾರೆ. ಉಳಿದಿರುವ ಬಳಗದವರು ಬಂದು ಸೇರುತ್ತಾರೆ. ಇದು ನಿನ್ನ ತಾಯಿ ಮಲಗಿರುವ ಮಣ್ಣು, ನಾನು ಅವಳ ತಂಗಿ, ಆದುದರಿಂದ ನಿನಗೂ ತಾಯಿಯೇ, ಎಂದು ಹೇಳಲು ಅಲ್ಲಿ ಯಾರಾದರೊಬ್ಬರು ಇದ್ದರೆ ಅದೇ ಭಾಗ್ಯ.